ಕುರ್ಸುರಾದ ಗಂಡಿಗಳು

ಜಲಾಂತರ್ಗಾಮಿಯ ಮಾಡೆಲ್ ಕಟ್ಟುವವರಿಗೆ ಪೆರಿಸ್ಕೋಪು, ರೇಲಿಂಗು ಎಲ್ಲ ಸಲೀಸು. ಜೀವ ತಿನ್ನುವುದು ಹಲ್, ಅಂದರೆ ಹಡಗಿನ ಮೈ. ನಾನು ಕೈಗೆತ್ತಿಕೊಂಡಿದ್ದು ಐಎನ್‌ಎಸ್ ಕುರ್ಸುರಾ. ಸೋವಿಯತ್ ಒಕ್ಕೂಟದಲ್ಲಿ ತಯಾರಾಗಿ, 1969ರ ಡಿಸೆಂಬರಿನಲ್ಲಿ ನಮ್ಮ ನೌಕಾಪಡೆ ಸೇರಿ, 2001ರಲ್ಲಿ ನಿವೃತ್ತಿಯಾಗಿ, ಈಗ ವಿಶಾಖಪಟ್ಟಣದ ರಾಮಕೃಷ್ಣ ಬೀಚಿನಲ್ಲಿ ಮ್ಯೂಸಿಯಂ ಆಗಿ ಕೂತಿರುವ ಫಾಕ್ಸ್‌ಟ್ರಾಟ್ ವರ್ಗದ್ದು. ಉದ್ದ 91.3 ಮೀಟರ್, ಅಗಲ 7.5 ಮೀಟರ್. 1:144 ಅಳತೆಗೆ ಇಳಿಸಿದರೆ 63 ಸೆಂ.ಮೀ. ಉದ್ದ, 5 ಸೆಂ.ಮೀ.ಗಿಂತ ತುಸು ಹೆಚ್ಚು ಅಗಲ.

ದಡಕ್ಕೇರಿದ ಹಡಗಿನಿಂದ ಒಂದು ಲಾಭವಿದೆ. ನೀರಲ್ಲಿದ್ದಾಗ ಕಾಣದ ಹೊಟ್ಟೆ, ಹಿಂದಿನ ಮೂರು ಪ್ರೊಪೆಲ್ಲರು ಎಲ್ಲ ಬಯಲಿಗೆ ಬಿದ್ದಿರುತ್ತವೆ. ಆದರೆ ಪ್ರವಾಸಿಗರು ಹತ್ತಿಳಿಯಲೆಂದು ಪಕ್ಕದಲ್ಲಿ ಕೊರೆದ ಬಾಗಿಲನ್ನೂ ಮಾಡೆಲ್ಲಿಗೆ ತಂದರೆ ಅದು ಸಮುದ್ರಕ್ಕಿಳಿಯುವ ಹಡಗಲ್ಲ. ಇನ್ನು ಮೊಬೈಲಿನಲ್ಲಿ ಹತ್ತಿರ ನಿಂತು ತೆಗೆದ ಫೋಟೊಗಳಲ್ಲಿ ಮೂತಿ ಉಬ್ಬಿರುತ್ತದೆ, ಅದರ ಮೇಲೆ ಪಟ್ಟಿ ಇಟ್ಟು ಅಳೆಯುವುದು ದಂಡ. ದೂರದಿಂದ ಜೂಮ್ ಹಾಕಿ ತೆಗೆದದ್ದೇ ನಂಬಿಕೆಗೆ ಅರ್ಹ.

ಕಿಟ್, ಅಂದರೆ ಜೋಡಿಸಲು ಸಿದ್ಧವಾಗಿ ಬರುವ ಮಾಡೆಲ್ ಭಾಗಗಳ ಡಬ್ಬಿ, ತಯಾರಿಸುವವರ ಮೇಲೆ ನನ್ನದೊಂದು ತಕರಾರಿದೆ. ತಗಡಿನ ಜೋಡಣೆ ತೋರಿಸಲು ಹಲ್ ತುಂಬ ಗೆರೆ ಕೊರೆದಿರುತ್ತಾರೆ. ಈ ಅಳತೆಯಲ್ಲಿ 0.3 ಮಿ.ಮೀ. ಗೆರೆ ಎಂದರೆ ನಿಜದ ಹಡಗಿನಲ್ಲಿ 4 ಸೆಂ.ಮೀ. ದಾಟಿದ ಕಾಲುವೆ. ಹಾಗೆ ಸೀಳಿದ ಹಡಗು ಎಲ್ಲಿ ಮುಳುಗೀತು, ಎಲ್ಲಿ ಎದ್ದೀತು! ನಿಜಕ್ಕೂ ಕಾಣುವುದು ಬೇರೆ. ವರ್ಷಗಟ್ಟಲೆ ಅಲೆಯ ಪೆಟ್ಟು ತಿಂದ ಹೊರತಗಡು ಚೌಕಟ್ಟುಗಳ ನಡುವೆ ಕುಸಿದು, ಬರಗಾಲದ ಎಮ್ಮೆಯ ಪಕ್ಕೆಲುಬಿನ ಹಾಗೆ ಆಗಿರುತ್ತದೆ. ಅದಕ್ಕೇ ನಾನು ಕಿಟ್ ಬಿಟ್ಟು, ಪ್ಲಾಸ್ಟಿಕ್ ಹಾಳೆಯಲ್ಲಿ ಅಡ್ಡ ಚೌಕಟ್ಟು ಕತ್ತರಿಸಿ, ಅದರ ಮೇಲೆ ಅರ್ಧ ಮಿ.ಮೀ. ಹಾಳೆ ಹೊದಿಸಿದ್ದೆ.

ಆ ಭಾನುವಾರ ಕೂತಿದ್ದು ಗಂಡಿಗಳ ಕೆಲಸಕ್ಕೆ. ಹೊರಕವಚದ ಉದ್ದಕ್ಕೂ ಸಾಲಾಗಿ ಇರುವ ಸೀಳುಗಳಿವು. ಸಿಬ್ಬಂದಿ ಇರುವ, ನೀರಿನ ಒತ್ತಡ ತಡೆಯುವ ಗಟ್ಟಿ ಕೊಳವೆ ಒಳಗಿರುತ್ತದೆ, ಮೇಲಿನದು ತೆಳು ಹೊದಿಕೆ. ಮುಳುಗುವಾಗ ನಡುವಿನ ಜಾಗಕ್ಕೆ ನೀರು ಬೇಗ ನುಗ್ಗಬೇಕು, ಮೇಲೇಳುವಾಗ ಅಷ್ಟೇ ಬೇಗ ಸುರಿದು ಹೋಗಬೇಕು. ಕರಿ ಬಣ್ಣದ ಚುಕ್ಕೆ ಇಟ್ಟು ಮುಗಿಸುವವರಿದ್ದಾರೆ. ಬೆಳಕು ಓರೆಯಾಗಿ ಬಿದ್ದ ಕೂಡಲೇ ಅದರ ಬಣ್ಣ ಬಯಲು.

ಪಕ್ಕದ ಮನೆಯ ಕಾಕಾ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಚಹಾ ಹಿಡಿದು ಬಂದು ನನ್ನ ಕೈ ನೋಡಿದರು. ಎರಡು ತುದಿಗೆ ತೂತು, ನಡುವೆ ಅರದಿಂದ ಉಜ್ಜಿ ಸೇರಿಸುವುದು. ಅದಕ್ಕೇನೂ ಅನ್ನಲಿಲ್ಲ. ಸೀಳಿನ ಅಂಚಿಗೆ ಉಗುರು ತಾಗಿಸಿ, “ತಮ್ಮಾ, ಹಡಗದ ತಗಡ ಇಷ್ಟ ದಪ್ಪ ಇರತೈತೇನ?” ಎಂದರು.

ಲೆಕ್ಕ ಹಾಕಿದೆ. ಅರ್ಧ ಮಿ.ಮೀ. ಅಂದರೆ 7 ಸೆಂ.ಮೀ. ಉಕ್ಕು!

“ಒಳಗಿನ ಮಗ್ಗಲದಿಂದ ಇಳಿಜಾರ ಅರ ಹೊಡಿ. ಹೊರಗ ಬರೇ ಅಂಚ ಉಳೀಬೇಕು.” ತಾವೇ ಕನ್ನಡಕ ಏರಿಸಿ ಒಂದು ಗಂಡಿ ಮಾಡಿ ತೋರಿಸಿದರು. ಅರವನ್ನು ಒತ್ತಲೇ ಇಲ್ಲ, ಅದರ ಭಾರಕ್ಕೇ ಬಿಟ್ಟು ಒಂದೇ ದಿಕ್ಕಿಗೆ ಎಳೆದರು. ಅಂಚು ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳುವಾಯಿತು. ಹೊರಗಿನಿಂದ ನೋಡಿದರೆ ಥೇಟ್ ತಗಡು.

ಮಧ್ಯಾಹ್ನದ ಹೊತ್ತಿಗೆ ಒಂದು ಮಗ್ಗಲು ಮುಗಿಯಿತು. ಕಾಕಾಗೆ ಈಗ ಹುರುಪು. “ಮುಳುಗಿಸಿ ನೋಡೋಣು ನಡಿ.” ಅವತ್ತು ನಳಕ್ಕೆ ನೀರು ಬಂದ ದಿನ, ಹಿತ್ತಲ ಟಾಕಿ ತುಂಬಿತ್ತು. ಬಣ್ಣ ಕಾಣದ ಬಿಳಿ ಹಲ್ ಅನ್ನು ಅಂಗೈ ಮೇಲೆ ಇಳಿಸಿದೆವು. ಗಂಡಿಗಳಿಂದ ನೀರು ಗುಳುಗುಳು ಒಳಗೆ ಹೋಯಿತು, ಮುಂಭಾಗ ಬಾಗಿತು, ಆದರೆ ಹಿಂಭಾಗ ಮೊಂಡು ಹಿಡಿದು ಮೇಲೆಯೇ ನಿಂತಿತು. ಡೆಕ್ಕಿನ ಕೆಳಗೆ ಗಾಳಿ ಸಿಕ್ಕಿಕೊಂಡಿತ್ತು. ಡೆಕ್ಕಿಗೆ ನಾನಿನ್ನೂ ಕೈ ಹಚ್ಚಿರಲಿಲ್ಲ. ನೀರು ಬರಲು ಕೆಳಗೆ ದಾರಿ ಇದ್ದರೆ ಸಾಲದು, ಗಾಳಿ ಹೋಗಲು ಮೇಲೂ ಬೇಕು. ಡೆಕ್ಕಿನ ಮೇಲಿನ ಸಣ್ಣ ಕಿಂಡಿಗಳನ್ನು ಅಲಂಕಾರದ ಪಟ್ಟಿಗೆ ಸೇರಿಸಿ ಕೊನೆಗೆ ಇಟ್ಟಿದ್ದೆ, ಕೂಡಲೇ ಮೇಲಕ್ಕೆ ಬಂದವು.

“ಕುಡಿಯೋ ನೀರಾಗ ಏನ್ ಅದ್ದಾಕತ್ತೀರಿ?” ಎಂದು ಅಡುಗೆಮನೆ ಕಿಟಕಿಯಿಂದ ದನಿ ಬಂತು. ಕಾಕಾ ಹಡಗು ನನ್ನ ಕೈಗೆ ಕೊಟ್ಟು ತಮ್ಮ ಮನೆ ದಾರಿ ಹಿಡಿದರು. ನಾನು ಟಾಕಿ ಖಾಲಿ ಮಾಡಿ, ತಿಕ್ಕಿ, ಸಂಜೆ ಡೆಕ್ಕಿಗೆ 0.8 ಮಿ.ಮೀ. ಡ್ರಿಲ್ ಬಿಟ್ ಹಿಡಿದು ಕೂತೆ. ಪ್ರೊಪೆಲ್ಲರು ಮುಂದಿನ ವಾರಕ್ಕೆ ಹೋದವು.