ಅಡುಗೆ ಯಾರು ಮಾಡ್ತಾರೆ ಮೇಡಂ?

ಮಂಗಳವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ಇಲ್ಲಿ ಅಡುಗೆ ಯಾರು ಮಾಡ್ತಾರೆ ಮೇಡಂ?"

ಕೇಳಿದ್ದು ಕಾರ್ಪೆಂಟರ್. ನಮ್ಮ ಹೊಸ ಮನೆಯ ಅಡುಗೆಮನೆಯಲ್ಲಿ ಕೊನೆಯ ಕ್ಯಾಬಿನೆಟ್ ಬಾಗಿಲಿಗೆ ಹಿಂಜ್ ಕೂರಿಸುತ್ತಿದ್ದರು. ರಾಜಸ್ಥಾನದವರು, ಬೆಂಗಳೂರಿಗೆ ಬಂದು ಹದಿನೆಂಟು ವರ್ಷವಾಯಿತಂತೆ. ಅವರ ಕನ್ನಡ ನಮ್ಮ ಲಿಫ್ಟ್‌ನಲ್ಲಿ ಸಿಗುವ ಎಷ್ಟೋ ಜನರ ಕನ್ನಡಕ್ಕಿಂತ ಚೆನ್ನಾಗಿದೆ. ತಿಪಟೂರಿಗೆ ತೋಟ ನೋಡಲು ಹೋಗಿದ್ದ ಅತ್ತೆ ಆಗಷ್ಟೇ ವಾಪಸ್ ಬಂದು, ಬ್ಯಾಗ್ ಕೂಡ ಒಳಗಿಡದೆ ಹೊಸ ಕಟ್ಟೆಯ ಮೇಲೆ ಕೈಯಾಡಿಸುತ್ತಾ ನಿಂತಿದ್ದರು.

"ನಮ್ಮತ್ತೆ" ಅಂದೆ.

ಅವರು ಅತ್ತೆಯನ್ನು ನೋಡಿದರು. ಮೇಲಿನ ಕ್ಯಾಬಿನೆಟ್ ನೋಡಿದರು. ಮತ್ತೆ ಸ್ಕ್ರೂ ತಿರುಗಿಸತೊಡಗಿದರು. ಅಷ್ಟೇ. ಒಂದು ಮಾತೂ ಆಡಲಿಲ್ಲ.

ನಮ್ಮತ್ತೆಯ ಎತ್ತರ 4 ಅಡಿ 10 ಇಂಚು, ಅಂದರೆ 58 ಇಂಚು. ಹೊಸ ಕಟ್ಟೆ ನೆಲದಿಂದ 34 ಇಂಚು. ಕಟ್ಟೆಗೂ ಮೇಲಿನ ಕ್ಯಾಬಿನೆಟ್‌ಗೂ ನಡುವೆ 24 ಇಂಚು. ಕೂಡಿಸಿದರೆ ಅದೂ 58. ಅತ್ತೆಯ ನೆತ್ತಿ ಎಲ್ಲಿ ಮುಗಿಯುತ್ತದೋ ಸರಿಯಾಗಿ ಅಲ್ಲಿಂದ ಕ್ಯಾಬಿನೆಟ್ ಶುರು! ಅದೂ ಎರಡು ಅಡಿ ಅಗಲದ ಕಟ್ಟೆಯ ಆಚೆ. ಮೊದಲ ಶೆಲ್ಫ್ ಹೇಗೋ ಕೈಗೆ ಸಿಗುತ್ತದೆ. ಎರಡನೆಯದರಲ್ಲಿ ಏನಿದೆ ಅಂತ ಅವರಿಗೆ ಕಾಣುವುದೂ ಇಲ್ಲ. ಆ ಮನುಷ್ಯ ಟೇಪ್ ಹಿಡಿಯದೆ ಒಂದೇ ನೋಟದಲ್ಲಿ ಈ ಲೆಕ್ಕ ಮಾಡಿ ಮುಗಿಸಿದ್ದರು.

ನಾವು ಮಾಡಿದ ಲೆಕ್ಕ ಕಮ್ಮಿಯೇನಲ್ಲ. ಮನೆಯ ಕೀ ಸಿಕ್ಕ ವಾರವೇ ಎಚ್‌ಎಸ್‌ಆರ್‌ನ ಇಂಟೀರಿಯರ್ ಶೋರೂಮಿಗೆ ಹೋದೆವು. ಮೊದಲು ಒಟ್ಟು ಖರ್ಚಿನ 10 ಪರ್ಸೆಂಟ್ ಕಟ್ಟಿದೆವು. ಒಬ್ಬ ಹುಡುಗ ಬಂದು ಲೇಸರ್ ಹಿಡಿದು ಗೋಡೆ, ತೊಲೆ, ಕಿಟಕಿ, ನೀರಿನ ಪೈಪು, ಸ್ವಿಚ್ ಬೋರ್ಡ್ ಎಲ್ಲದರ ಅಳತೆ ತೆಗೆದುಕೊಂಡ. ಆಮೇಲೆ ನಕ್ಷೆ. ಅದು ಒಪ್ಪಿಗೆಯಾದ ಮೇಲೆ ತ್ರೀಡಿ ಚಿತ್ರಗಳು. ಅದರಲ್ಲಿ ನಮ್ಮ ಅಡುಗೆಮನೆಯಲ್ಲಿ ಒಂದು ಬಟ್ಟಲು ಹಸಿರು ಸೇಬು ಬಿಟ್ಟರೆ ಇನ್ನೇನೂ ಇರಲಿಲ್ಲ. ಕುಕ್ಕರ್ ಇಲ್ಲ, ಎಣ್ಣೆ ಕ್ಯಾನ್ ಇಲ್ಲ, ಒರೆಸುವ ಬಟ್ಟೆ ಇಲ್ಲ. ಡಿಸೈನರ್ ಹುಡುಗಿ ಒಳ್ಳೆಯವಳು, ರಾತ್ರಿ ಹತ್ತಕ್ಕೂ ಫೋನ್ ಎತ್ತುತ್ತಿದ್ದಳು. ಆದರೆ ಆಕೆಗೆ 'ಕ್ಲೀನ್ ಲುಕ್' ಅನ್ನುವುದೊಂದು ಹುಚ್ಚು.

ನಮ್ಮನೆಯವರದು ಪ್ಲೈವುಡ್ ಹುಚ್ಚು. ಸಿದ್ದಯ್ಯ ರಸ್ತೆಯ ಅಂಗಡಿಗಳಲ್ಲಿ ಎರಡು ಶನಿವಾರ ಕಳೆದರು. ಸಿಂಕ್ ಇರುವ ಕಡೆ ನೀರು ತಡೆಯುವ, ಐಎಸ್ 710 ಮುದ್ರೆ ಇರುವ ಪ್ಲೈ ಬೇಕೇ ಬೇಕು, ಬೆಡ್‌ರೂಮಿನ ವಾರ್ಡ್‌ರೋಬಿಗೆ ಮಾಮೂಲಿ ಐಎಸ್ 303 ಸಾಕು ಅಂತ ಊಟಕ್ಕೆ ಕೂತಾಗಲೂ ಅದೇ ಮಾತು. ಪಾಪ, ತಪ್ಪೇನಿಲ್ಲ, ನೀರು ಬೀಳುವ ಜಾಗ. ಒಂದು ಸಂಜೆ ಪೂರ್ತಿ ಪ್ಲೈ ಮೇಲೆ ಅಂಟಿಸುವ ಲ್ಯಾಮಿನೇಟ್‌ನ ಬಣ್ಣಕ್ಕೇ ಹೋಯಿತು. ತೋರಿಸಿದ ಮೂರು ಬಣ್ಣವೂ ನನಗೆ ಒಂದೇ ಥರ ಕಂಡವು.

ಡ್ರಾಯಿಂಗಿನ ಪ್ರತಿ ಹಾಳೆಗೂ ಸಹಿ ಹಾಕಿ 50 ಪರ್ಸೆಂಟ್ ಕಟ್ಟಿದ ಮೇಲೆ ಫ್ಯಾಕ್ಟರಿಯಲ್ಲಿ ಕಟಿಂಗ್ ಶುರುವಾಯಿತು. ಇತ್ತ ಮನೆಯಲ್ಲಿ ವೈರಿಂಗ್, ಫಾಲ್ಸ್ ಸೀಲಿಂಗ್, ಪೇಂಟಿನ ಮೊದಲ ಕೋಟ್. ಮಿಕ್ಕ 40 ಕಟ್ಟಿದ ಮೇಲೇ ಲಾರಿ ಹೊರಟಿದ್ದು. 45 ದಿನ ಅಂದಿದ್ದು 83 ಆಯಿತು. ಅದನ್ನು ಬರೆಯಲು ಹೋದರೆ ಇನ್ನೊಂದು ಲೇಖನವೇ ಆಗುತ್ತದೆ. ಪ್ರಾಜೆಕ್ಟ್ ಮ್ಯಾನೇಜರ್ ಅನ್ನುವ ಪುಣ್ಯಾತ್ಮ "ನಾಳೆ ಹುಡುಗರನ್ನ ಕಳಿಸ್ತೀನಿ ಮೇಡಂ" ಅನ್ನುವ ಒಂದೇ ವಾಕ್ಯದಲ್ಲಿ ಮೂರು ವಾರ ತಳ್ಳಿದರು.

ಇಷ್ಟೆಲ್ಲ ಆಗುವಾಗ ಅತ್ತೆ ಎಲ್ಲಿದ್ದರು? ಮನೆಯಲ್ಲೇ. ಮಾವ ಹೋದ ಮೇಲೆ ಅವರು ನಮ್ಮ ಜೊತೆಯಲ್ಲೇ ಇದ್ದಾರೆ. ಶೋರೂಮಿಗೆ ನಾಲ್ಕು ಸಲ ಹೋದೆವು, ಒಮ್ಮೆಯೂ ಕರೆದುಕೊಂಡು ಹೋಗಲಿಲ್ಲ. ಕನಕಪುರ ರಸ್ತೆಯಿಂದ ಎಚ್‌ಎಸ್‌ಆರ್‌ಗೆ ಶನಿವಾರ ಸಂಜೆ ಅಂದರೆ ಗೊತ್ತಲ್ಲ, ಸುಮ್ನೆ ಅವರಿಗೆ ಯಾಕೆ ತೊಂದರೆ ಅಂತ. ಹಾಗಂತ ಅವತ್ತು ಅಂದುಕೊಂಡಿದ್ದೆ. ಅವರು ಬಂದಿದ್ದರೆ "ಅಷ್ಟು ದುಡ್ಡಾ?" ಅಂತ ಕೇಳುತ್ತಿದ್ದರು, ಆ ಪ್ರಶ್ನೆ ನನಗೆ ಬೇಕಿರಲಿಲ್ಲ ಅನ್ನುವುದೂ ಇತ್ತು.

ಎತ್ತರ ಕೇಳಿರಲಿಲ್ಲ ಅಂತಲ್ಲ. ಶೋರೂಮಿನ ಕಟ್ಟೆಯ ಮುಂದೆ ಡಿಸೈನರ್ ನನ್ನನ್ನು ನಿಲ್ಲಿಸಿ "ಹೈಟ್ ಕಂಫರ್ಟೆಬಲ್ ಅಲ್ವಾ ಮೇಡಂ?" ಅಂದಿದ್ದಳು. ನಾನು 5 ಅಡಿ 5 ಇಂಚು. ಹೇಳಿ ಮಾಡಿಸಿದ ಹಾಗಿತ್ತು. ಹೌದು ಅಂದೆ. ಆ ಕಟ್ಟೆಯ ಮೇಲೆ ನಾನು ಮಾಡುವುದು ಭಾನುವಾರದ ಟೀ.

ಆ 34 ಇಂಚು ಎಲ್ಲಿಂದ ಬಂತು ಅಂತ ಬುಧವಾರ ಕಾರ್ಪೆಂಟರನ್ನೇ ಕೇಳಿದೆ. ಅವರು ಕ್ಯಾಬಿನೆಟ್ ಕೆಳಗಿನ ಸಂದು ಮುಚ್ಚುವ ಪಟ್ಟಿ ಕಿತ್ತು ತೋರಿಸಿದರು. ಕ್ಯಾಬಿನೆಟ್ ನಿಂತಿರುವುದು ಪ್ಲಾಸ್ಟಿಕ್ ಕಾಲುಗಳ ಮೇಲೆ, ಅವು 100 ಮಿಲಿಮೀಟರ್. ಫ್ಯಾಕ್ಟರಿಯಿಂದ ಬರುವ ಕ್ಯಾಬಿನೆಟ್ ಡಬ್ಬ 720. ಅದರ ಮೇಲೆ ಕಲ್ಲು. ಸೇರಿಸಿದರೆ ಹೆಚ್ಚುಕಮ್ಮಿ ಅಷ್ಟಾಗುತ್ತದೆ. "ಡಬ್ಬ ಎಲ್ಲರಿಗೂ ಒಂದೇ ಮೇಡಂ. ಮೊದಲೇ ಹೇಳಿದ್ರೆ ಚಿಕ್ಕದು ಮಾಡಬಹುದಿತ್ತು." ಮೇಲಿನ ಕ್ಯಾಬಿನೆಟ್ ಆರು ಇಂಚು ಇಳಿಸಲು ಆಗುತ್ತದಾ ಅಂತ ಪ್ರಾಜೆಕ್ಟ್ ಮ್ಯಾನೇಜರಿಗೆ ಫೋನ್ ಮಾಡಿದೆ. ಚಿಮಣಿಯ ಸಾಲು ತಪ್ಪುತ್ತದೆ, ಟೈಲ್ಸ್‌ಗೆ ಹೊಸ ತೂತು ಬೀಳುತ್ತದೆ, ಹಳೆಯ ತೂತು ಕಾಣುತ್ತದೆ, ಚಾರ್ಜ್ ಬೇರೆ. ಕೊನೆಗೆ, "ಅಪ್ರೂವ್ ಆಗಿರೋ ಡ್ರಾಯಿಂಗ್ ಪ್ರಕಾರಾನೇ ಮಾಡಿದೀವಿ ಮೇಡಂ" ಅಂದರು. ನಿಜವೇ. ಸಹಿ ನನ್ನದೇ.

ರಾತ್ರಿ ಊಟ ಆದ ಮೇಲೆ ಅತ್ತೆಗೆ ಹೇಳಿದೆ. ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು ಅತ್ತೆ, ತಪ್ಪಾಯ್ತು ಅಂತ. ಅವರು ನಕ್ಕರು.

"ಊರ ಮನೇಲಿ ಮಾತ್ರ ಯಾರು ಕೇಳಿದ್ರು ಬಿಡಮ್ಮ? ನಿಮ್ಮ ಮಾವ, ಮೇಸ್ತ್ರಿ ಇಬ್ರೂ ಸೇರ್ಕೊಂಡು ಕಟ್ಟೆ ಹಾಕಿದ್ರು. ಅವರಿಬ್ರೂ ಉದ್ದುದ್ದ ಇದ್ರು. ನಾನು ಮಣೆ ಹಾಕ್ಕೊಂಡು ನಿಂತ್ಕೋತಿದ್ದೆ."

"ಎಷ್ಟು ವರ್ಷ?"

"ಇನ್ನೆಷ್ಟು, ಅಲ್ಲಿದ್ದಷ್ಟು ದಿನಾನೂ."

ಮಣೆ ಅಂದ ತಕ್ಷಣ ನನಗೆ ಹೊಳೆಯಿತು. ಬಾಡಿಗೆ ಮನೆಯಲ್ಲಿ ಒಲೆಯ ಮುಂದೆ ಯಾವಾಗಲೂ ಒಂದು ಹಲಸಿನ ಮಣೆ ಬಿದ್ದಿರುತ್ತಿತ್ತು. ಕೂತು ತರಕಾರಿ ಹೆಚ್ಚಲು ಇರಬೇಕು ಅಂದುಕೊಂಡಿದ್ದೆ. ಬೆಳಗ್ಗೆ ಆಫೀಸಿನ ಗಡಿಬಿಡಿಯಲ್ಲಿ ಎಷ್ಟು ಸಲ ಎಡವಿಲ್ಲ, ಕಾಲಲ್ಲೇ ಮೂಲೆಗೆ ತಳ್ಳಿಲ್ಲ! ಸಂಜೆ ಬರುವಷ್ಟರಲ್ಲಿ ಅದು ತಿರುಗಿ ಒಲೆಯ ಮುಂದೆ. ನಾಲ್ಕು ವರ್ಷ ಹೀಗೇ ನಡೆದಿದೆ. ಅತ್ತೆ ಒಂದು ದಿನವೂ ಯಾಕೆ ತಳ್ಳಿದೆ ಅನ್ನಲಿಲ್ಲ, ನಾನೂ ಯಾಕೆ ಇಟ್ಟಿದ್ದೀರಿ ಅನ್ನಲಿಲ್ಲ. ಲೇಸರ್ ಹಿಡಿದು ಬಂದ ಹುಡುಗನನ್ನು ಬೈಯೋಣ ಅಂದರೆ, ಅವನು ನಮ್ಮ ಮನೆಗೆ ಬಂದಿದ್ದು ಒಂದೇ ದಿನ.

ಅತ್ತೆಗೆ ಬೇಜಾರಿದೆಯೋ ಇಲ್ಲವೋ ನನಗೆ ಈಗಲೂ ತಿಳಿಯುತ್ತಿಲ್ಲ. ಡ್ರಾಯರ್ ಎಷ್ಟು ಜೋರಾಗಿ ತಳ್ಳಿದರೂ ಸದ್ದಿಲ್ಲದೆ ಮುಚ್ಚಿಕೊಳ್ಳುವುದು ಅವರಿಗೆ ತುಂಬಾ ಇಷ್ಟವಾಗಿದೆ. ಬಂದವರಿಗೆಲ್ಲ ಎರಡೆರಡು ಸಲ ಮಾಡಿ ತೋರಿಸುತ್ತಾರೆ. ಆದರೆ ಸಾರಿನ ಪುಡಿ, ಹುಣಸೆಹಣ್ಣು, ಬೆಲ್ಲ ಎಲ್ಲವನ್ನೂ ಕಟ್ಟೆಯ ಮೇಲೇ ಸಾಲಾಗಿ ಜೋಡಿಸಿಕೊಂಡಿದ್ದಾರೆ. ಮೇಲಿನ ಕ್ಯಾಬಿನೆಟ್ಟಿನಲ್ಲಿ ನನ್ನ ಕಾಫಿ ಮಗ್ಗುಗಳಿವೆ.

ಶುಕ್ರವಾರ ಕಾರ್ಪೆಂಟರ್ ಕೊನೆಯ ಸಲ ಬಂದರು. ನಾನು ಏನೂ ಹೇಳಿರಲಿಲ್ಲ. ಒಲೆಯ ಕೆಳಗಿನ ಪಟ್ಟಿಯಲ್ಲಿ ಎರಡು ಅಡಿ ಉದ್ದ ಅಳೆದು ಕತ್ತರಿಸಿ, ಅಂಚಿಗೆ ಟೇಪ್ ಅಂಟಿಸಿ, "ಅಮ್ಮ, ನಿಮ್ಮ ಪಾಟಾ ತನ್ನಿ" ಅಂದರು. ಮಣೆ ಸರಕ್ಕನೆ ಕ್ಯಾಬಿನೆಟ್ ಕೆಳಗೆ ಹೋಯಿತು. ಕಾಲಲ್ಲಿ ಎಳೆದರೆ ಹೊರಗೆ, ತಳ್ಳಿದರೆ ಒಳಗೆ. ಅತ್ತೆ ಅವರಿಗೆ ಎರಡನೇ ಲೋಟ ಕಾಫಿ ಕೊಟ್ಟರು. ಡ್ರಾಯಿಂಗಿನಲ್ಲಿ ಇಲ್ಲದ ಕೆಲಸ, ದುಡ್ಡು ಕೊಡಲು ಹೋದರೆ ಮುಟ್ಟಲಿಲ್ಲ.

ಇವತ್ತು ಹ್ಯಾಂಡೋವರ್. ಡಿಸೈನರ್ ಹೂವಿನ ಬೊಕೆ ಹಿಡಿದು ಫೋಟೋಗ್ರಾಫರ್ ಜೊತೆ ಬಂದಳು. ಹಸಿರು ಸೇಬನ್ನೂ ತಂದಿದ್ದಳು! ಸಾರಿನ ಪುಡಿ ಡಬ್ಬಗಳನ್ನು ಲಿವಿಂಗ್ ರೂಮಿಗೆ ಸಾಗಿಸಿದ್ದಾಯಿತು. ಅತ್ತೆ ಆಗತಾನೆ ಹಾಲು ಇಳಿಸಿ ಹೋಗಿದ್ದರು, ಮಣೆ ಹೊರಗೇ ಇತ್ತು.

"ಇದನ್ನ ಒಂದ್ನಿಮಿಷ ಫ್ರೇಮಿಂದ ಆಚೆ ಇಡ್ಬಹುದಾ ಮೇಡಂ?"

ನಾನು ಕಾಲು ಮುಂದೆ ಚಾಚಿದ್ದೆ, ಹಿಂದಕ್ಕೆ ತೆಗೆದುಕೊಂಡೆ. ಬಗ್ಗಿ ಎರಡೂ ಕೈಯಲ್ಲಿ ಎತ್ತಿದೆ. ಹಲಸಿನ ಮಣೆ, ನಾನು ಅಂದುಕೊಂಡಿದ್ದಕ್ಕಿಂತ ಭಾರ ಇತ್ತು.