ಐಸ್ ಗೋಳದ ಗೋಳು: ಕೊನೆಗೂ ಲೆಕ್ಕಕ್ಕೆ ಕೂತ ಅನುಪಾತ

ಐಸಿನ ಆಕಾರ ಬದಲಾದರೆ ಕರಗುವ ವೇಗ ಎಷ್ಟು ಬದಲಾಗುತ್ತದೆ? ತೊಟ್ಟಿಕ್ಕುವ ನೀರನ್ನು ಬಟ್ಟಲಿನಲ್ಲಿ ಹಿಡಿದು ತೂಗಿ ನೋಡುವ ಮನೆ ಪ್ರಯೋಗ ಇದು. ಒಂದೇ ತೂಕದ ಐಸ್ ಗೋಳ, ಐಸ್ ಘನ (ಕ್ಯೂಬ್). ಮೊದಲ ಐದನೇ ಒಂದು ಭಾಗ ಕರಗುವ ವೇಗ ನೋಡಿದರೆ ಘನವು ಗೋಳಕ್ಕಿಂತ 1.2 ಪಟ್ಟಿನ ಆಸುಪಾಸಿನಲ್ಲಿ ಮುಂದಿದೆ. ಕಾಗದದ ಮೇಲಿನ ಲೆಕ್ಕ 1.24 ಅನ್ನುತ್ತದೆ. ಮನೆಯ ಸಾಮಾನಿನಲ್ಲಿ ಇಷ್ಟು ಹತ್ತಿರ ಬಂದರೆ ಹಬ್ಬ ಮಾಡಬಹುದು. ಇದಕ್ಕೆ ಕಾರಣ ಹೊಸ ಅಚ್ಚೂ ಅಲ್ಲ, ಹೊಸ ತಕ್ಕಡಿಯೂ ಅಲ್ಲ, ಅಂಗಿಯ ಒಂದು ಪ್ಲಾಸ್ಟಿಕ್ ಗುಂಡಿ.

ಲೆಕ್ಕ ಎಲ್ಲರಿಗೂ ಗೊತ್ತಿದ್ದದ್ದೇ. 100 ಘನ ಸೆಂ.ಮೀ. ಐಸ್ ಗೋಳವಾದರೆ ಮೇಲ್ಮೈ 104 ಚದರ ಸೆಂ.ಮೀ., ಘನವಾದರೆ 129, ಹತ್ತು ಸೆಂ.ಮೀ. ಉದ್ದಗಲದ ಒಂದು ಸೆಂ.ಮೀ. ದಪ್ಪದ ಹಲಗೆಯಾದರೆ 240. ಶಾಖ ಒಳಗೆ ಹೋಗುವುದು ಮೇಲ್ಮೈಯಿಂದ, ಆದ್ದರಿಂದ ಕರಗುವ ವೇಗವೂ 1, 1.24, 2.3 ಎಂದು ಏರಬೇಕು. ಆದರೆ ಗಾಳಿಯಲ್ಲಿ ಐಸ್ ತಾನಾಗಿ ನಿಲ್ಲುವುದಿಲ್ಲ. ಯಾವುದಾದರೂ ಒಂದರ ಮೇಲೆ ಕೂರಬೇಕು, ಇಲ್ಲವೇ ಯಾವುದಕ್ಕಾದರೂ ನೇತಾಡಬೇಕು. ಪ್ರಯೋಗ ಹಾಳಾಗುವುದು ಅಲ್ಲೇ.

ಸ್ಟೀಲ್ ತಟ್ಟೆಯ ಮೇಲಿಟ್ಟರೆ ಘನದ ಅಡಿಮುಖ, ಸುಮಾರು 21.5 ಚದರ ಸೆಂ.ಮೀ., ಪೂರ್ತಿಯಾಗಿ ಲೋಹಕ್ಕೆ ಅಂಟಿಕೊಳ್ಳುತ್ತದೆ. ಗೋಳ ಮುಟ್ಟುವುದು ಒಂದು ಚುಕ್ಕೆಯಷ್ಟು. ಗಾಳಿ ಕೊಡುವ ಶಾಖಕ್ಕಿಂತ ತಟ್ಟೆ ಕೊಡುವ ಶಾಖ ಎಷ್ಟೋ ಜೋರು, ಹಾಗಾಗಿ ಘನ ಅನ್ಯಾಯವಾಗಿ ಗೆಲ್ಲುತ್ತದೆ. ಇದನ್ನು ತಪ್ಪಿಸಲು ಥರ್ಮೋಕೋಲ್ ಹಾಕಿದರೆ ಉಲ್ಟಾ ಮೋಸ: ಘನದ ಆರು ಮುಖಗಳಲ್ಲಿ ಒಂದು ಬೆಚ್ಚಗೆ ಮುಚ್ಚಿಕೊಂಡಿತು. ಉಳಿದ ಐದು ಮುಖಗಳ ವಿಸ್ತೀರ್ಣ 108. ಗೋಳದ್ದು 104. ಅಳೆಯಲು ಹೊರಟ ವ್ಯತ್ಯಾಸವೇ ಮಾಯ! ಒಂದೇ ಐಸ್, ಒಂದೇ ಕೋಣೆ. ಕೆಳಗೆ ಸ್ಟೀಲ್ ಇದ್ದರೆ ಆಕಾರಕ್ಕೆ ಭಾರೀ ಪರಿಣಾಮ, ಥರ್ಮೋಕೋಲ್ ಇದ್ದರೆ ಪರಿಣಾಮವೇ ಇಲ್ಲ. ಶಾಲೆಯ ವಿಜ್ಞಾನ ಮೇಳಗಳಲ್ಲಿ ಒಂದು ಮೇಜಿನವರ ಉತ್ತರ ಪಕ್ಕದ ಮೇಜಿನವರ ಉತ್ತರಕ್ಕೆ ತಾಳೆಯಾಗದಿದ್ದರೆ ಮೊದಲು ಅಡಿಯಲ್ಲಿ ಏನಿಟ್ಟಿದ್ದಾರೆ ಅಂತ ಬಗ್ಗಿ ನೋಡಿ.

ಹಪ್ಪಳ ಸುಡುವ ಜಾಲರಿ ಸಹ ಪರಿಹಾರವಲ್ಲ. ಐಸ್ ತಂತಿಗಳೊಳಗೆ ಇಳಿದು ಕೂರುತ್ತದೆ, ಕರಗಿದ ನೀರು ಕಣ್ಣುಗಳಲ್ಲಿ ಪೊರೆಯಂತೆ ನಿಂತು ಬಟ್ಟಲಿಗೆ ಬೀಳುವುದೇ ಇಲ್ಲ. ಉಳಿದದ್ದು ನೇತುಹಾಕುವ ದಾರಿ.

ನೇತುಹಾಕಲು ತಾಮ್ರದ ತಂತಿ ಬೇಡ. ಒಂದು ಮಿ.ಮೀ. ತಂತಿ ಒಳಗೆ ತರುವ ಶಾಖ ಒಟ್ಟು ಶಾಖದ ನೂರಕ್ಕೆ ಎರಡರಷ್ಟೇ, ಆದರೆ ಅಷ್ಟೂ ಒಂದೇ ಜಾಗಕ್ಕೆ ಹೋಗುತ್ತದೆ. ತಂತಿಯ ಸುತ್ತ ಕೊಳವೆ ಕೊರೆದು ಐಸ್ ಜಾರುತ್ತದೆ. ಹತ್ತಿ ದಾರ ನೀರು ಹೀರಿ ಮೇಲಕ್ಕೆ ಎಳೆಯುತ್ತದೆ. ಮೀನು ಹಿಡಿಯುವ ಗಾಳದ ನೈಲಾನ್ ದಾರ, 0.3 ಮಿ.ಮೀ.ಯದು, ಶಾಖಕ್ಕೂ ನೀರಿಗೂ ಒಳ್ಳೆಯದು, ಹಿಡಿತಕ್ಕೆ ಮಾತ್ರ ಸೊನ್ನೆ. ಫ್ರೀಜರಿನಿಂದ ತೆಗೆದಾಗ ಕಚ್ಚಿ ಹಿಡಿದಿರುತ್ತದೆ, ಐಸ್ ಸೊನ್ನೆ ಡಿಗ್ರಿಗೆ ಬಂದ ಕೂಡಲೇ ನುಣುಚಿಕೊಳ್ಳುತ್ತದೆ. ತುದಿಗೆ ಗಂಟು ಹಾಕಿದರೂ ಅಷ್ಟೇ. ನೂರು ಗ್ರಾಂ ಭಾರ ಒಂದು ಚದರ ಮಿ.ಮೀ. ಗಂಟಿನ ಮೇಲೆ ಕೂತರೆ ಅಲ್ಲಿನ ಒತ್ತಡ ಒಂದು ಮೆಗಾಪ್ಯಾಸ್ಕಲ್ ಹತ್ತಿರ. ಕರಗುವ ಬಿಂದು 0.07 ಡಿಗ್ರಿ ಇಳಿಯಲು ಅಷ್ಟು ಸಾಕು. ಗಂಟು ನಿಧಾನಕ್ಕೆ ಐಸ್ ಸೀಳಿಕೊಂಡು ಮೇಲೆ ಬರುತ್ತದೆ, ಗೋಳ ದಡಕ್ಕನೆ ಬಟ್ಟಲಿಗೆ.

ಗಂಟಿನ ಜಾಗಕ್ಕೆ 12 ಮಿ.ಮೀ. ಗುಂಡಿ ಕಟ್ಟಿದರೆ ಅದೇ ಭಾರ ನೂರು ಪಟ್ಟು ಜಾಗಕ್ಕೆ ಹಂಚಿಹೋಗುತ್ತದೆ. ನಾಲ್ಕು ತೂತಿನ ಗುಂಡಿಯಾದರೆ ದಾರ ಅಡ್ಡಡ್ಡ ಪೋಣಿಸಬಹುದು, ವಾಲುವುದಿಲ್ಲ. ನೀರಿನಲ್ಲಿ ಮುಳುಗುವ ಗುಂಡಿಯೇ ಬೇಕು. ಆಗ ಅಚ್ಚಿನ ಬಾಯಿಗೆ ಅಗರಬತ್ತಿ ಕಡ್ಡಿ ಅಡ್ಡ ಇಟ್ಟು ದಾರ ಕಟ್ಟಿದರೆ ಗುಂಡಿ ತನ್ನಷ್ಟಕ್ಕೆ ಬೇಕಾದ ಆಳದಲ್ಲಿ ತೂಗುತ್ತದೆ. ಅರ್ಧ ನೀರು ಹೆಪ್ಪುಗಟ್ಟಿಸಿ, ಗುಂಡಿ ಇಟ್ಟು, ಮತ್ತೆ ನೀರು ಸುರಿಯುವ ಉಪದ್ವ್ಯಾಪ ಬೇಡ. ಆ ಎರಡು ಪದರಗಳ ನಡುವೆ ಗಾಳಿ ಸಿಕ್ಕಿ ಗೋಳ ಅಲ್ಲೇ ಎರಡು ಹೋಳಾಗುತ್ತದೆ.

ಗುಂಡಿ ಎಷ್ಟು ಆಳಕ್ಕೆ? ನಡುಮಧ್ಯ ಅಂತ ತೋಚುವುದು ಸಹಜ. ಆದರೆ ನಿಂತ ಗಾಳಿಯಲ್ಲಿ ಐಸ್ ಸುತ್ತಲಿನ ತಣ್ಣನೆ ಗಾಳಿ ಕೆಳಕ್ಕೆ ಹರಿಯುತ್ತದೆ. ಹರಿವು ಶುರುವಾಗುವ ನೆತ್ತಿಯಲ್ಲಿ ಆ ತಂಪು ಪದರ ತೆಳು, ಕೆಳಗೆ ಹೋದಂತೆ ದಪ್ಪ. ಹೀಗಾಗಿ ನೆತ್ತಿಯೇ ಬೇಗ ಕರಗುವುದು. ದಾರ ಹೊರಬರುವ ಜಾಗದಲ್ಲಿ ಸಣ್ಣ ಆಲಿಕೆಯ ಆಕಾರದ ಕುಳಿ ಬೀಳುತ್ತದೆ, ಅದರಲ್ಲಿ ಒಂದೆರಡು ಹನಿ ನೀರು ನಿಂತು ದಾರದ ಸುತ್ತ ಇನ್ನಷ್ಟು ಕೊರೆಯುತ್ತದೆ. ಗುಂಡಿ ಕೆಳಗಿನಿಂದ ಮೂರನೇ ಒಂದು ಭಾಗದ ಎತ್ತರದಲ್ಲಿರಲಿ. ಅಷ್ಟಾದರೆ ಮುಕ್ಕಾಲು ಪಾಲು ಕರಗಿದ ಮೇಲೂ ಗೋಳ ಬೀಳುವುದಿಲ್ಲ.

ಹಾಗಂತ ಮುಕ್ಕಾಲು ಪಾಲಿನವರೆಗೆ ಕಾಯುವ ಅಗತ್ಯವೂ ಇಲ್ಲ. 'ಯಾವುದು ಮೊದಲು ಪೂರ್ತಿ ಕರಗಿತು' ಅನ್ನುವ ಅಳತೆಯೇ ಆಕಾರವನ್ನು ಮುಚ್ಚಿಡುತ್ತದೆ. ಗೋಳದ ಅರ್ಧ ತೂಕ ಒಟ್ಟು ಸಮಯದ ಸುಮಾರು ಕಾಲು ಭಾಗದಲ್ಲೇ ಹೋಗಿಬಿಡುತ್ತದೆ, ಉಳಿದ ಮುಕ್ಕಾಲು ಭಾಗ ಸಮಯ ಸಣ್ಣ ಗೋಲಿಯೊಂದನ್ನು ಕಾಯುವುದಕ್ಕೆ. ಅಷ್ಟರಲ್ಲಿ ಘನದ ಮೂಲೆಗಳೂ ಸವೆದು ಅದೂ ಗುಂಡಗಾಗಿರುತ್ತದೆ. ಎರಡು ಗುಂಡುಗಳ ಓಟ ನೋಡಿ ಆಕಾರದ ಬಗ್ಗೆ ಏನು ಹೇಳುವುದು? ಮೊದಲ 20 ಗ್ರಾಂ ಮಾತ್ರ ಅಳೆಯಿರಿ. 28 ಡಿಗ್ರಿಯ ಫ್ಯಾನ್ ಇಲ್ಲದ ಕೋಣೆಯಲ್ಲಿ ನೂರು ಗ್ರಾಂ ಗೋಳ ಗಂಟೆಗೆ 40ರಿಂದ 50 ಗ್ರಾಂ ಕರಗುತ್ತದೆ, ಅಂದರೆ ಅರ್ಧ ಗಂಟೆಯ ಕೆಲಸ. ಪೂರ್ತಿ ಕಾದರೆ ಐದಾರು ಗಂಟೆ.

ಗಾಳಿ ತಡೆಯಲು ರಟ್ಟಿನ ಪೆಟ್ಟಿಗೆ ಇಡುವವರು ತಳ ಮುಚ್ಚಬೇಡಿ. ತಣ್ಣನೆ ಗಾಳಿ ಕೆಳಗೆ ತುಂಬಿಕೊಂಡು ಐಸ್ ಅದರಲ್ಲೇ ಮುಳುಗುತ್ತದೆ, ವೇಗ ತಾನಾಗಿ ಇಳಿಯುತ್ತದೆ. ಮೇಲೂ ಕೆಳಗೂ ತೆರೆದು, ನಾಲ್ಕು ಇಟ್ಟಿಗೆಗಳ ಮೇಲೆ ನಿಲ್ಲಿಸಿದರೆ ಸರಿ.

ಇನ್ನು ಅಚ್ಚು ಮಾರುವವರ ವಿಚಾರ. '6 ಸೆಂ.ಮೀ. ಗೋಳ' ಅಂತ ಆನ್‌ಲೈನಿನಲ್ಲಿ ಬರುವ ಸಿಲಿಕೋನ್ ಅಚ್ಚಿನ ಒಳಗೆ ಕ್ಯಾಲಿಪರ್ ಹಾಕಿದರೆ 5.6. ನಾಲ್ಕು ಮಿ.ಮೀ. ತಾನೇ ಅನ್ನಬೇಡಿ, ಗಾತ್ರ ವ್ಯಾಸದ ಮೂರನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ: 113 ಘನ ಸೆಂ.ಮೀ. ಇರಬೇಕಾದದ್ದು 92. ನೂರಕ್ಕೆ ಹತ್ತೊಂಬತ್ತು ಪಾಲು ಖೋತಾ. ಕೇಳಿದರೆ 'ಹೊರಗಿನ ಅಳತೆ ಸಾರ್' ಅನ್ನುತ್ತಾರೆ. ಐಸ್ ಕಟ್ಟುವುದು ಹೊರಗೆ ಅಂತ ಅವರಿಗೆ ಯಾರು ಹೇಳಿದರೋ. ಅದಕ್ಕೆ ಸರಿಯಾದ ಘನದ ಅಚ್ಚು ಹುಡುಕುತ್ತಾ ಅಲೆಯುವ ಬದಲು ಲೆಕ್ಕದಲ್ಲಿ ಸರಿಪಡಿಸಿ. ಕರಗುವ ವೇಗವನ್ನು ತೂಕದ 2/3 ಘಾತದಿಂದ (ತೂಕದ ವರ್ಗದ ಘನಮೂಲದಿಂದ) ಭಾಗಿಸಿದರೆ ತೂಕದ ವ್ಯತ್ಯಾಸ ಹೊರಟುಹೋಗಿ ಆಕಾರ ಮಾತ್ರ ಉಳಿಯುತ್ತದೆ.

ಅಚ್ಚಿನ ಎರಡನೇ ಕಾಟ ರೆಕ್ಕೆ. ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ, ಎರಡು ಹೋಳುಗಳನ್ನು ದೂಡಿ ನಡುವಿನ ಸಂದಿಯಲ್ಲಿ ತೆಳ್ಳನೆ ಅಂಚು ಕಟ್ಟುತ್ತದೆ. ಆ ಅಂಚು ಸುಮ್ಮನೆ ಮೇಲ್ಮೈ ಹೆಚ್ಚಿಸುತ್ತದೆ. ದಪ್ಪ ರಬ್ಬರ್ ಬ್ಯಾಂಡ್ ಎರಡು ಸುತ್ತು ಹಾಕಿ, ಹಿಗ್ಗಿದ್ದು ಮೇಲಿನ ತೂತಿನಿಂದ ಹೊರಬರಲಿ. ಉಳಿದ ಮೊಟಕನ್ನು ಬಿಸಿನೀರಿನಲ್ಲಿ ಅದ್ದಿದ ಸೌಟಿನ ಬೆನ್ನಿನಿಂದ ಒತ್ತಿ ತೆಗೆಯಿರಿ. ಫ್ರಾಸ್ಟ್-ಫ್ರೀ ಫ್ರಿಜ್ಜಾದರೆ ಅಚ್ಚಿನಿಂದ ತೆಗೆದ ಐಸನ್ನು ಕ್ಲಿಂಗ್ ಫಿಲ್ಮಿನಲ್ಲಿ ಸುತ್ತಿಡಿ. ಇಲ್ಲದಿದ್ದರೆ ಒಣಗಾಳಿಗೆ ಮೂಲೆಗಳು ಅಲ್ಲೇ ಸವೆಯುತ್ತವೆ.

ಫ್ರೀಜರಿನಿಂದ ನೇರ ತೆಗೆದ ಐಸ್ ಮೈನಸ್ 18ರಲ್ಲಿರುತ್ತದೆ. ಸೊನ್ನೆಗೆ ಏರಲು ಗ್ರಾಂಗೆ ಸುಮಾರು 38 ಜೂಲ್ ಬೇಕು, ಕರಗಲು 334. ಹನ್ನೊಂದು ಪರ್ಸೆಂಟಿನಷ್ಟು ಈ ಗಲಿಬಿಲಿ ಮೊದಲ 20 ಗ್ರಾಂ ಅಳತೆಯನ್ನೇ ಕೆಡಿಸುತ್ತದೆ. ಹಾಗಂತ ಐಸ್-ನೀರಿಗೆ ನೇರ ಅದ್ದಿದರೆ ನೀರೇ ಅದಕ್ಕೆ ಹೆಪ್ಪುಗಟ್ಟಿ ತೂಕ ಏರುತ್ತದೆ. ಪಾಲಿಥಿನ್ ಚೀಲದಲ್ಲಿ ಗಾಳಿ ಹಿಂಡಿ ಕಟ್ಟಿ, ಐಸ್-ನೀರಿನಲ್ಲಿ ಇಪ್ಪತ್ತು ನಿಮಿಷ ಇಡಿ. ಹೊರಗಿನ ಸಿಪ್ಪೆ ಚೀಲದ ಜೊತೆಗೇ ಕಳಚಿ ಬರುತ್ತದೆ.

ಬಿದ್ದ ಹನಿಯನ್ನು ತಕ್ಕಡಿ ತೋರಿಸದೆ ನುಂಗುತ್ತದೆ ಅನ್ನುವ ದೂರಿಗೂ ಉತ್ತರ ಸಿಕ್ಕಿದೆ. ಖಾಲಿ ಬಟ್ಟಲಿಟ್ಟು ಸೊನ್ನೆ ಒತ್ತಿ ಹನಿ ಹಿಡಿದರೆ ಅಗ್ಗದ ತಕ್ಕಡಿ ಬಹಳ ಹೊತ್ತು 0.0 ತೋರಿಸುತ್ತಲೇ ಇರುತ್ತದೆ. ಸೊನ್ನೆಯ ಹತ್ತಿರದ ನಿಧಾನ ಬದಲಾವಣೆಯನ್ನು ಅದು ತನ್ನದೇ ಏರುಪೇರು ಅಂದುಕೊಂಡು ತಿದ್ದಿಕೊಳ್ಳುತ್ತದೆ. ಜೊತೆಗೆ ಎರಡು ಮೂರು ನಿಮಿಷಕ್ಕೆ ತಾನೇ ಆಫ್. ತಕ್ಕಡಿಯ ಮೇಲೆ ಹನಿ ಹಿಡಿಯುವುದನ್ನೇ ಬಿಡಿ. ಮೊದಲೇ ತೂಗಿದ ಮೂರು ಸ್ಟೀಲ್ ಬಟ್ಟಲು, ಹತ್ತತ್ತು ನಿಮಿಷಕ್ಕೊಂದು ಬದಲಾಯಿಸಿ ಆಮೇಲೆ 0.1 ಗ್ರಾಂ ತಕ್ಕಡಿಯಲ್ಲಿ ತೂಗಿದರಾಯಿತು.

ಪೂರ್ತಿ ಕರಗಿಸಿ ನೋಡುವ ಹಟಮಾರಿಗಳಿಗೆ ಒಂದು ಮಜಾ: 100 ಗ್ರಾಂ ಐಸಿನಿಂದ 104 ಗ್ರಾಂ ನೀರು ಬರುತ್ತದೆ. ಮಿಕ್ಕ ನಾಲ್ಕು ಗ್ರಾಂ ಗಾಳಿಯ ತೇವ. ಒಂದು ಗ್ರಾಂ ಆವಿ ಐಸಿನ ಮೇಲೆ ನೀರಾದಾಗ ಬಿಡುವ ಶಾಖ ಏಳೂವರೆ ಗ್ರಾಂ ಐಸನ್ನು ಕರಗಿಸುತ್ತದೆ, ಹಾಗಾಗಿ ಸೆಕೆಯ ಕೋಣೆಯಲ್ಲಿ ಕರಗುವಿಕೆಯ ಮೂರನೇ ಒಂದು ಭಾಗ ಇದರದ್ದೇ ಇರಬಹುದು. ಜೂನಿನ ಮಂಗಳೂರಿನ ವೇಗವನ್ನು ಏಪ್ರಿಲ್ಲಿನ ಬಳ್ಳಾರಿಯ ವೇಗದ ಪಕ್ಕ ಇಡುವವರು ಬರೀ ಥರ್ಮಾಮೀಟರ್ ನೋಡಿದರೆ ಸಾಲದು, ಆರ್ದ್ರತೆಯನ್ನೂ ಬರೆದಿಡಬೇಕು. ಗೋಳ-ಘನದ ಅನುಪಾತಕ್ಕೆ ಮಾತ್ರ ಇದರಿಂದ ತೊಂದರೆಯಿಲ್ಲ. ಆವಿಯೂ ಮೇಲ್ಮೈ ನೋಡಿಯೇ ಬರುತ್ತದೆ.

ಹಲಗೆಯಾಕಾರದ ಐಸ್ ಇನ್ನೂ ಸತಾಯಿಸುತ್ತಿದೆ. ನಿಲ್ಲಿಸಿ ನೇತುಹಾಕಿದರೆ ಮೇಲಂಚು ಮೊದಲು ತೆಳುವಾಗಿ ದಾರದ ಬುಡದಲ್ಲೇ ಮುರಿಯುತ್ತದೆ. ಕೆಳಗಿನ ಮೂರನೇ ಒಂದು ಭಾಗದಲ್ಲಿ ಬಿದಿರು ಕಡ್ಡಿಯನ್ನು ಅಡ್ಡಲಾಗಿ ಹೆಪ್ಪುಗಟ್ಟಿಸಿ, ಎರಡೂ ತುದಿಗೆ ದಾರ ಕಟ್ಟುವುದು ಮುಂದಿನ ಯೋಚನೆ. ಕುಲ್ಫಿ ಅಚ್ಚಿನ ಶಂಕುವನ್ನೂ ಸಾಲಿಗೆ ಸೇರಿಸಬೇಕು, ಅದೂ ಬಿಸಿಲಿನಲ್ಲಿ. ಲಡಾಖಿನಲ್ಲಿ 2013-14ರ ಚಳಿಗಾಲದಿಂದ ಎಂಜಿನಿಯರ್ ಸೋನಮ್ ವಾಂಗ್ಚುಕ್ ತಂಡ ಕಟ್ಟುತ್ತಾ ಬಂದ ಐಸ್ ಸ್ತೂಪಗಳು, ಅಂದರೆ ವಸಂತದಲ್ಲಿ ಕರಗಿ ಹೊಲಕ್ಕೆ ನೀರು ಕೊಡುವ ಐಸ್ ಗುಡ್ಡೆಗಳು, ಶಂಕುವಿನಾಕಾರದಲ್ಲಿರುವುದು ಬಿಸಿಲಿಗೆ ಒಡ್ಡುವ ಮೇಲ್ಮೈ ಕಡಿಮೆ ಮಾಡಲಿಕ್ಕೇ. ತಲೆಕೆಳಗು ಶಂಕು, ನೆಟ್ಟಗಿನ ಶಂಕು ಎರಡನ್ನೂ ಮಧ್ಯಾಹ್ನದ ತಾರಸಿಯಲ್ಲಿ ಪಕ್ಕಪಕ್ಕ ತೂಗಿಸಿದರೆ ನೋಡುವಂತಿರುತ್ತದೆ.

ನಿಜವಾದ ಆಸೆ ಇರುವುದು ನೀರಿನ ತೊಟ್ಟಿಯ ಮೇಲೆ. ನೀರು 4 ಡಿಗ್ರಿಯಲ್ಲಿ ಅತಿ ಸಾಂದ್ರ ಅನ್ನುವ ಪಾಠವನ್ನು ಐಸೇ ಕೆತ್ತಿ ತೋರಿಸುತ್ತದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮುಳುಗಿಸಿ ಹಿಡಿದ ಐಸ್ ಕಂಬ 5 ಡಿಗ್ರಿಗಿಂತ ತಣ್ಣನೆ ನೀರಿನಲ್ಲಿ ಕೆಳಮುಖದ ಮೊನೆಯಾಯಿತು, 7 ಡಿಗ್ರಿಗಿಂತ ಬೆಚ್ಚಗಿದ್ದರೆ ಮೇಲ್ಮುಖದ ಮೊನೆಯಾಯಿತು, ನಡುವೆ ಅಲೆ ಅಲೆಯಾದ ಗುಳಿಗಳು ಬಿದ್ದವು. ಮನೆಯಲ್ಲಿ ಇದಕ್ಕೆ ಇಪ್ಪತ್ತು ಲೀಟರ್ ಗಾಜಿನ ತೊಟ್ಟಿ, 0.1 ಡಿಗ್ರಿ ತೋರಿಸುವ ಥರ್ಮಾಮೀಟರ್, ಐಸ್ ತೇಲಿ ಮೇಲೆ ಬರದಂತೆ ಕೆಳಗೆ ಒತ್ತಿಹಿಡಿಯುವ ಕಡ್ಡಿ ಬೇಕು. ಇಲ್ಲಿ ಗುಂಡಿ ಕೆಲಸಕ್ಕೆ ಬಾರದು, ಐಸ್ ಎಳೆಯುವುದು ಮೇಲಕ್ಕೆ. ತೊಟ್ಟಿಯ ಗಾಜು ಎರಡು ಪದರದ್ದಾಗಿರಬೇಕು, ಒಂದೇ ಪದರವಾದರೆ ಹೊರಗೆ ತೇವ ಕಟ್ಟಿ ಕ್ಯಾಮೆರಾಗೆ ಮಸುಕು ಬಿಟ್ಟು ಬೇರೇನೂ ಕಾಣದು. ಗಾಜು ಕತ್ತರಿಸುವವರು 'ನಾಳೆ' ಅಂದಿದ್ದಾರೆ. ಯಾವ ನಾಳೆ ಅಂತ ಹೇಳಿಲ್ಲ.