ಅಂಕಿ ಜನರದ್ದಾ, ಜಾಗದ್ದಾ?

ಹೋದ ವರ್ಷ ನಾನು ಮಾಡಿದ ಒಂದು ವರದಿಯ ಆರನೇ ಸ್ಲೈಡಿನಲ್ಲಿ ಈ ಸಾಲಿತ್ತು: "ಅಮೆರಿಕದಲ್ಲಿ ಇರಾನಿ ಸಮುದಾಯ ಮುಂದೆ ಬಂದಿದೆ, ಬಹಾಮಾಸ್ ಸಮುದಾಯ ಹಿಂದೆ ಉಳಿದಿದೆ." (ಬಹಾಮಾಸ್ ಅಂದರೆ ಅಮೆರಿಕದ ಫ್ಲಾರಿಡಾ ಹತ್ತಿರದ ಒಂದು ದ್ವೀಪ ದೇಶ.) ಕೆಳಗೆ ಎರಡು ಬಣ್ಣದ ಚಾರ್ಟು. ಆದಾಯ, ಓದು, ಸ್ವಂತ ಮನೆ, ಎಲ್ಲದರಲ್ಲೂ ಒಂದು ಪಟ್ಟಿ ಉದ್ದ, ಇನ್ನೊಂದು ಗಿಡ್ಡ. ನೋಡಿದವರಿಗೆ ಅನುಮಾನವೇ ಬರದಷ್ಟು ನೀಟಾಗಿತ್ತು. ಆ ಸಾಲು ತಪ್ಪು. ಎಲ್ಲೆಲ್ಲಿ ತಪ್ಪು ಅಂತ ತಿಳಿಯಲು ನನಗೆ ಮೂರು ವಾರ ಹಿಡಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಜನರ ಲೆಕ್ಕ ಹಿಡಿದು ಕೆಲಸ ಮಾಡುವ ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ನಾನು ಬೆಂಗಳೂರಿನಲ್ಲಿ ಡೇಟಾ ಅನಲಿಸ್ಟ್. ಹನ್ನೊಂದು ವರ್ಷ ಆಯಿತು. ಕ್ಲೈಂಟು ಅಮೆರಿಕದ ಒಂದು ಸೇವಾ ಸಂಸ್ಥೆ, ವಲಸೆ ಬಂದ ಕುಟುಂಬಗಳಿಗೆ ಕೆಲಸದ ತರಬೇತಿ ಕೊಡುತ್ತದೆ. ಯಾವ ಊರಿನಲ್ಲಿ ಯಾರಿಗೆ ತರಗತಿ ನಡೆಸಬೇಕು ಅಂತ ತೀರ್ಮಾನ ಮಾಡಲು ಎರಡೆರಡು ಸಮುದಾಯಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿ ಕೊಡಿ ಅಂದಿದ್ದರು. ಅಂದರೆ ನಮ್ಮ ಒಂದು ಸಾಲಿನ ಮೇಲೆ ಎಲ್ಲೋ ಒಂದು ತರಗತಿ ಶುರುವಾಗುತ್ತದೆ, ಇಲ್ಲವೇ ನಿಲ್ಲುತ್ತದೆ. ಇದು ನನಗೆ ಆಗಲೂ ಗೊತ್ತಿತ್ತು. ಆದರೂ ಗಡುವು ಹತ್ತಿರ ಬಂದಿತ್ತು, ಚಾರ್ಟು ಚೆನ್ನಾಗಿ ಬಂದಿತ್ತು, ಮುಂದಕ್ಕೆ ಹೋದೆ.

ಲೆಕ್ಕ ತೆಗೆದದ್ದು ಅಮೆರಿಕನ್ ಕಮ್ಯುನಿಟಿ ಸರ್ವೆಯಿಂದ. ಅಲ್ಲಿನ ಸೆನ್ಸಸ್ ಬ್ಯೂರೋ ಪ್ರತಿ ವರ್ಷ ಸುಮಾರು 35 ಲಕ್ಷ ವಿಳಾಸಗಳಿಗೆ ಫಾರ್ಮು ಕಳಿಸಿ ಮಾಡುವ ಸರ್ವೆ ಅದು. ಒಳ್ಳೆಯ ಡೇಟಾ, ಅದರ ಮೇಲೆ ನನಗೆ ಯಾವ ದೂರೂ ಇಲ್ಲ. ನಾನು ಮಾಡಿದ್ದು ಏನೆಂದರೆ, ಪ್ರತಿ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) ಬಹಾಮಾಸ್ ಮೂಲದವರು ನೂರಕ್ಕೆ ಎಷ್ಟು, ಇರಾನಿ ಮೂಲದವರು ಎಷ್ಟು ಅಂತ ತೆಗೆದೆ, ಪಕ್ಕದಲ್ಲಿ ಆ ಕೌಂಟಿಯ ಮೀಡಿಯನ್ ಆದಾಯ (ಎಲ್ಲರನ್ನೂ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವುದು) ಹಾಕಿದೆ, ಎರಡಕ್ಕೂ ಕೋರಿಲೇಶನ್, ಅಂದರೆ ಒಂದು ಏರಿದಾಗ ಇನ್ನೊಂದು ಏರುತ್ತದಾ ಇಳಿಯುತ್ತದಾ ಅಂತ, ನೋಡಿದೆ. ಇರಾನಿಗಳು ಜಾಸ್ತಿ ಇದ್ದ ಕಡೆ ಆದಾಯ ಜಾಸ್ತಿ. ಬಹಾಮಿಯನ್ನರು ಜಾಸ್ತಿ ಇದ್ದ ಕಡೆ ಕಡಿಮೆ. ಮುಗಿಯಿತು ಅಂದುಕೊಂಡೆ.

ನಮ್ಮ ಟೀಮಿಗೆ ಆಗಷ್ಟೇ ಸೇರಿದ್ದ ರಾಯಚೂರಿನ ಒಬ್ಬ ಹುಡುಗ ಸ್ಲೈಡು ನೋಡುತ್ತಾ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದ. ಆಮೇಲೆ ಕೇಳಿದ, "ಅಕ್ಕಾರ, ಹಂಗಂದ್ರ ನಮ್ಮ ಕಡೆ ಮಂದಿ ವೈಟ್‌ಫೀಲ್ಡ್‌ನಾಗ ತಗಡಿನ ಶೆಡ್ ಹಾಕ್ಕೊಂಡು ಇರ್ತಾರಲ್ರಿ, ಈ ಲೆಕ್ಕದಾಗ ಅವರೂ ಶ್ರೀಮಂತರು ಅಂತ ಬರ್ತದೇನ್ರಿ?"

ನಾನು ಉತ್ತರ ಕೊಡಲಿಲ್ಲ. ಕಣ್ಣ ಮುಂದೆ ನಾನು ದಿನಾ ಹಾದುಹೋಗುವ ರಸ್ತೆ ಬಂತು. ಒಂದು ಬದಿಗೆ ಕಟ್ಟುತ್ತಿರುವ ಅಪಾರ್ಟ್‌ಮೆಂಟು. ಇನ್ನೊಂದು ಬದಿಗೆ ನೀಲಿ ಟಾರ್ಪಾಲು ಹೊದಿಸಿದ ಶೆಡ್ಡುಗಳ ಸಾಲು, ಹಗ್ಗದ ಮೇಲೆ ಒಣಗಲು ಹಾಕಿದ ಬಟ್ಟೆ, ಬೆಳಗ್ಗೆ ಆರಕ್ಕೇ ಟ್ಯಾಂಕರಿನ ನಲ್ಲಿ ಮುಂದೆ ಕೊಡಗಳು. ಆ ವಾರ್ಡಿನ ಸರಾಸರಿ ಆದಾಯ ಮೇಲೆ ಏರುವುದು ಎದುರಿನ ಟೆಕ್ ಪಾರ್ಕಿನಿಂದ. ಆ ಶೆಡ್ಡಿನವರ ಜೇಬಿಗೂ ಅದಕ್ಕೂ ಏನು ಸಂಬಂಧ? ನನ್ನ ಚಾರ್ಟು ಹೇಳುತ್ತಿದ್ದದ್ದು ಕೌಂಟಿಯ ಕಥೆ. ನಾನು ಅದನ್ನು ಜನರ ಕಥೆ ಅಂತ ಓದಿದ್ದೆ. ಓದುವಾಗ ಈ ತಪ್ಪಿಗೆ ದೊಡ್ಡ ಹೆಸರು ಕೊಟ್ಟು ಪಾಠ ಮಾಡಿದ್ದರು, ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ. ಕೆಲಸದಲ್ಲಿ ಎದುರು ಬಂದಾಗ ಗುರುತು ಸಿಗಲಿಲ್ಲ.

ಆ ರಾತ್ರಿ ಕೌಂಟಿಗಳ ಹೆಸರು ಒಂದೊಂದಾಗಿ ನೋಡಿದೆ. ಇರಾನಿಗಳು ನೆಲೆಸಿದ ಕಡೆಗಳು ಅಂದರೆ ಲಾಸ್ ಏಂಜಲೀಸ್, ಆರೆಂಜ್ ಕೌಂಟಿ, ಸಾಂಟಾ ಕ್ಲಾರಾ, ಈಚೆ ಮೇರಿಲ್ಯಾಂಡಿನ ಮಾಂಟ್‌ಗೊಮರಿ, ವರ್ಜೀನಿಯಾದ ಫೇರ್‌ಫ್ಯಾಕ್ಸ್. ಇವುಗಳಲ್ಲಿ ಹೆಚ್ಚಿನವು ಯಾರಿದ್ದರೂ ಇಲ್ಲದಿದ್ದರೂ ಶ್ರೀಮಂತ ಜಾಗಗಳು. ಸಾಂಟಾ ಕ್ಲಾರಾದಲ್ಲಿ ನಮ್ಮ ಕನ್ನಡದವರೂ ತುಂಬ ಜನ ಇದ್ದಾರೆ. ಬಾಡಿಗೆಯೂ ಅಷ್ಟೇ ದುಬಾರಿ, ಅದು ಚಾರ್ಟಿನಲ್ಲಿ ಎಲ್ಲೂ ಇರಲಿಲ್ಲ. ಬಹಾಮಿಯನ್ನರು ಮುಖ್ಯವಾಗಿ ಫ್ಲಾರಿಡಾದ ಮಯಾಮಿ-ಡೇಡ್, ಬ್ರೊವರ್ಡ್ ಕೌಂಟಿಗಳಲ್ಲಿ. ಮಯಾಮಿ-ಡೇಡ್ ಜನಸಂಖ್ಯೆಯಲ್ಲಿ ಅವರು ಒಂದು ಸಣ್ಣ ಪಾಲು. ಇಡೀ ಕೌಂಟಿಯ ಆದಾಯವನ್ನು ಅವರ ತಲೆಗೆ ಕಟ್ಟಿದ್ದೆ.

ಸರಿ, ಆ ಚಾರ್ಟು ತೆಗೆದೆವು. ನೇರವಾಗಿ ಆ ಸಮುದಾಯದವರದ್ದೇ ಅಂಕಿ ಹುಡುಕಿದೆವು. ಆಗ ಎರಡನೇ ತಪ್ಪು ಸಿಕ್ಕಿತು. ಓದಿನ ಅಂಕಿಗೆ ಇರಾನಿಗಳ ಕಡೆ ನಾನು ತೆಗೆದುಕೊಂಡಿದ್ದು 'ಇರಾನಿನಲ್ಲಿ ಹುಟ್ಟಿದವರು' ಅನ್ನುವ ಗುಂಪು. ಬಹಾಮಾಸ್ ಕಡೆ ತೆಗೆದುಕೊಂಡಿದ್ದು 'ಬಹಾಮಿಯನ್ ಮೂಲ ಅಂತ ಹೇಳಿಕೊಂಡವರು'. ಎರಡೂ ಬೇರೆ ಬೇರೆ ಪ್ರಶ್ನೆಗಳು. ಒಂದು ಎಲ್ಲಿ ಹುಟ್ಟಿದಿರಿ ಅನ್ನುವುದು. ಇನ್ನೊಂದು ನಿಮ್ಮ ಮೂಲ ಯಾವುದು ಅನ್ನುವುದು, ಅದಕ್ಕೆ ಜನ ಕೈಯಾರೆ ತಮಗೆ ತೋಚಿದ್ದು ಬರೆಯುತ್ತಾರೆ. ಬೇರೆ ಬೇರೆ ಟೇಬಲ್ಲುಗಳಿಂದ ಸುಲಭಕ್ಕೆ ಸಿಕ್ಕಿದ್ದನ್ನು ಎತ್ತಿಕೊಂಡು ಬಂದಿದ್ದರಿಂದ ಹೀಗಾಯಿತು. ಇದಕ್ಕೆ ನಾನೇ ಹೊಣೆ, ಹುಡುಗರು ನಾನು ಕೊಟ್ಟ ಕಾಲಂ ಹಾಕಿದ್ದರು ಅಷ್ಟೇ.

ಇನ್ನೊಂದು ಸಂಗತಿಯೂ ಇತ್ತು. ಇರಾನಿ ಮೂಲ ಅಂತ ಬರೆಯುವವರು ಐದು ಲಕ್ಷದ ಹತ್ತಿರ ಇದ್ದಾರೆ. ಬಹಾಮಿಯನ್ ಅಂತ ಬರೆಯುವವರು ಅರ್ಧ ಲಕ್ಷದ ಆಸುಪಾಸು. ಅಷ್ಟು ಸಣ್ಣ ಗುಂಪಿನಿಂದ ಒಂದು ವರ್ಷದ ಸರ್ವೆಗೆ ಸಿಗುವುದು ಕೆಲವು ನೂರು ಜನ. ಒಂದು ವರ್ಷ ಆದಾಯ ಏರಿದ ಹಾಗೆ ಕಾಣುತ್ತದೆ, ಮುಂದಿನ ವರ್ಷ ಇಳಿದ ಹಾಗೆ. ಅದಕ್ಕೇ ಪ್ರತಿ ಅಂಕಿಯ ಪಕ್ಕ ಇಷ್ಟು ಹೆಚ್ಚುಕಮ್ಮಿ ಇರಬಹುದು ಅಂತ ಇನ್ನೊಂದು ಅಂಕಿ ಕೊಟ್ಟಿರುತ್ತಾರೆ, ಐದು ವರ್ಷ ಸೇರಿಸಿದ ಟೇಬಲ್ಲನ್ನೂ ಕೊಡುತ್ತಾರೆ. ನಾನು ಚಾರ್ಟು ಚೊಕ್ಕಟವಾಗಿ ಕಾಣಲಿ ಅಂತ ಆ ಪಕ್ಕದ ಕಾಲಂ ಅಳಿಸಿಬಿಟ್ಟಿದ್ದೆ. ದಯವಿಟ್ಟು ಆ ಕಾಲಂ ಅಳಿಸಬೇಡಿ.

ಇಷ್ಟೆಲ್ಲ ಸರಿ ಮಾಡಿಕೊಂಡು ಕ್ಲೈಂಟಿನ ಜೊತೆ ಕಾಲ್‌ಗೆ ಕೂತೆವು. ಮಯಾಮಿ ಕಚೇರಿಯಿಂದ ಐವತ್ತು ದಾಟಿದ ಒಬ್ಬ ಅಧಿಕಾರಿ ಇದ್ದರು. ಇಡೀ ಹೊತ್ತು ಮೌನವಾಗಿ ಕೇಳಿಸಿಕೊಂಡರು. ಕೊನೆಗೆ ಕೇಳಿದರು: ನಮ್ಮ ತಾತ 'ಕಾಂಟ್ರಾಕ್ಟ್' ಮೇಲೆ ಬಂದವರು, ನಿಮ್ಮ ಚಾರ್ಟಿನಲ್ಲಿ ನಾನು ಯಾವ ಪಟ್ಟಿಯಲ್ಲಿದ್ದೇನೆ?

ಕಾಂಟ್ರಾಕ್ಟ್ ಅಂದರೆ ಏನು ಅಂತಲೇ ನನಗೆ ಗೊತ್ತಿರಲಿಲ್ಲ. ಅವರೇ ಹೇಳಿದರು, ಆಮೇಲೆ ನಾನೂ ಓದಿದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಹೊಲಗಳಲ್ಲಿ ಕೆಲಸಕ್ಕೆ ಜನ ಸಿಗದೆ 1943ರಲ್ಲಿ ಬಹಾಮಾಸ್ ಜೊತೆ ಒಪ್ಪಂದ ಆಯಿತು. ಸಾವಿರಾರು ಜನ ಬೀನ್ಸ್, ತರಕಾರಿ, ಹಣ್ಣು ಕೀಳಲು ಹೋದರು. ಕೂಲಿಯ ಒಂದು ಪಾಲನ್ನು ಅವರ ಕೈಗೆ ಕೊಡದೆ ಹಿಡಿದು ಬಹಾಮಾಸ್ ರಾಜಧಾನಿ ನಸ್ಸಾಗೆ ಕಳಿಸುತ್ತಿದ್ದರು. ಅರವತ್ತರ ದಶಕದ ಮಧ್ಯದ ತನಕ ಇದು ನಡೆಯಿತು. ಅಲ್ಲಿನವರು ಇವತ್ತಿಗೂ ಅದನ್ನು 'ದಿ ಕಾಂಟ್ರಾಕ್ಟ್' ಅಂತಲೇ ಕರೆಯುತ್ತಾರೆ.

ಸರ್ವೆ ಫಾರ್ಮಿನಲ್ಲಿ ಮೂಲ ಅಂತ ಕೇಳುವ ಕಡೆ ತಾನು 'ಆಫ್ರಿಕನ್ ಅಮೆರಿಕನ್' ಅಂತ ಬರೆಯುತ್ತೇನೆ ಅಂದರು ಅವರು. ತಂದೆಯೂ ಹಾಗೇ ಬರೆದದ್ದಂತೆ. ಅಂದರೆ ಓದಿ, ಒಳ್ಳೆಯ ಹುದ್ದೆಗೆ ಏರಿ, ನಮ್ಮ ವರದಿಯನ್ನೇ ತೂಗಿ ನೋಡುತ್ತಿದ್ದ ಈ ಹೆಂಗಸು ನನ್ನ ಬಹಾಮಾಸ್ ಪಟ್ಟಿಯಲ್ಲಿ ಇಲ್ಲವೇ ಇಲ್ಲ! ಮೊಮ್ಮಕ್ಕಳು ಆ ಹೆಸರು ಬಿಟ್ಟ ಕೂಡಲೇ ಆ ಮನೆಯ ದುಡಿಮೆಯೂ ಬೇರೆ ಕಾಲಂಗೆ ಹೋಗುತ್ತದೆ. ನಾನು ತುಂಬ ಹೊತ್ತು ಅದನ್ನೇ ಯೋಚಿಸಿದೆ.

ಬಹಾಮಾಸ್‌ನವರು ಫ್ಲಾರಿಡಾಗೆ ಹೋಗಿದ್ದು ಕಾಂಟ್ರಾಕ್ಟಿಗೂ ಬಹಳ ಹಿಂದೆ. ಹತ್ತೊಂಬತ್ತನೇ ಶತಮಾನದಲ್ಲೇ ಕೀ ವೆಸ್ಟ್‌ನಲ್ಲಿ ಮುಳುಗಿದ ಹಡಗುಗಳ ಸಾಮಾನು ಎತ್ತುವುದು, ಸಮುದ್ರದ ಸ್ಪಂಜು ತೆಗೆಯುವುದು ಅವರ ಕೆಲಸ. 1880ರ ದಶಕದಲ್ಲಿ ಮಯಾಮಿಯ ಕೋಕನಟ್ ಗ್ರೋವ್‌ನಲ್ಲಿ ಹೋಟೆಲ್ ಕೆಲಸಕ್ಕೆ ಬಂದು ಅಲ್ಲೇ ನೆಲೆ ನಿಂತರು. ಅಲ್ಲಿನ ಸುಣ್ಣಕಲ್ಲಿನ ನೆಲದಲ್ಲಿ ಏನು ಬೆಳೆಯುತ್ತದೆ, ಆ ಕಲ್ಲಿನಿಂದ ಮನೆ ಹೇಗೆ ಕಟ್ಟಬೇಕು ಅನ್ನುವುದು ಅವರಿಗೆ ತಮ್ಮ ದ್ವೀಪಗಳಿಂದಲೇ ಗೊತ್ತಿತ್ತು. 1896ರಲ್ಲಿ ಮಯಾಮಿ ಅನ್ನುವ ನಗರ ಆಗಬೇಕು ಅಂತ ಮತ ಹಾಕಿದವರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಕಪ್ಪು ಜನ, ಅವರಲ್ಲಿ ಬಹಾಮಾಸ್‌ನವರು ತುಂಬ. ಊರು ಕಟ್ಟಿದ ಮೇಲೆ ಅವರನ್ನು ಬೇರೆ ಕೇರಿಗೆ ತಳ್ಳಿದರು. ಬಿಳಿಯರ ಶಾಲೆ ಅವರಿಗಿಲ್ಲ, ಬೀಚು ಇಲ್ಲ, ಮನೆ ಸಾಲ ಇಲ್ಲ. ಅರವತ್ತರ ದಶಕದಲ್ಲಿ ಓವರ್‌ಟೌನ್ ಅನ್ನುವ ಕಪ್ಪು ಜನರ ಬಡಾವಣೆಯ ಮಧ್ಯೆ ಹೆದ್ದಾರಿ ಹಾಯಿಸಿ ಮನೆ, ಅಂಗಡಿ ಎಲ್ಲ ಕೆಡವಿದರು. ನನ್ನ ಚಾರ್ಟಿನ 'ಸ್ವಂತ ಮನೆ' ಅನ್ನುವ ಪಟ್ಟಿ ಗಿಡ್ಡವಾಗಿ ಕಂಡಾಗ ಇದು ನನಗೆ ಗೊತ್ತಿರಬೇಕಿತ್ತು ಅಲ್ವಾ?

ಇರಾನಿಗಳು ಬಂದ ಬಾಗಿಲೇ ಬೇರೆ. ಎಪ್ಪತ್ತರ ದಶಕದಲ್ಲಿ ಎಣ್ಣೆ ದುಡ್ಡಿನ ಕಾಲದಲ್ಲಿ ಅವರ ಮಕ್ಕಳು ಓದಲು ಬಂದರು. 1979-80ರಲ್ಲಿ ಅಮೆರಿಕದ ಕಾಲೇಜುಗಳಲ್ಲಿ ಸುಮಾರು 51,000 ಇರಾನಿ ವಿದ್ಯಾರ್ಥಿಗಳಿದ್ದರು. ಬೇರೆ ಯಾವ ದೇಶದವರೂ ಅಷ್ಟು ಇರಲಿಲ್ಲ. 1979ರಲ್ಲಿ ಇರಾನಿನಲ್ಲಿ ಕ್ರಾಂತಿ ಆಯಿತು, ವಾಪಸ್ ಹೋಗುವ ದಾರಿ ಮುಚ್ಚಿತು. ಅದೇ ಹೊತ್ತಿಗೆ ಊರು ಬಿಟ್ಟು ಬಂದವರು ಡಾಕ್ಟರು, ಎಂಜಿನಿಯರು, ಸೇನೆಯ ಅಧಿಕಾರಿಗಳು, ದೊಡ್ಡ ವ್ಯಾಪಾರಿಗಳು, ಯಹೂದಿ, ಬಹಾಯಿ, ಅರ್ಮೇನಿಯನ್ ಕುಟುಂಬಗಳು. ಊಬರ್ ಮುಖ್ಯಸ್ಥ ದಾರಾ ಖೋಸ್ರೋಶಾಹಿ ಒಂಬತ್ತು ವರ್ಷದ ಹುಡುಗನಾಗಿ 1978ರಲ್ಲಿ ಬಂದವರು, ಇರಾನಿನಲ್ಲಿ ಅವರದ್ದು ದೊಡ್ಡ ಉದ್ಯಮಿಗಳ ಮನೆತನ. ಆಸ್ತಿ ಕಳೆದುಕೊಂಡರೂ ಓದು, ಭಾಷೆ, ಪರಿಚಯ ಜೊತೆಗೆ ಬಂದವು. ಇರಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿರುವ ವಯಸ್ಕರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಪದವೀಧರರು. ಇರಾನಿನಲ್ಲೇ ಉಳಿದವರ ಲೆಕ್ಕ ಹಾಗಿಲ್ಲ. ಸೋಸಿ ಬಂದ ಗುಂಪನ್ನು ನಾನು ಇಡೀ ಜನಾಂಗ ಅಂತ ತೋರಿಸಿದ್ದೆ. ಅಮೆರಿಕದಲ್ಲಿರುವ ನಮ್ಮವರ ಆದಾಯದ ಅಂಕಿ ವಾಟ್ಸಾಪಿನಲ್ಲಿ ಹೆಮ್ಮೆಯಿಂದ ಓಡಾಡುತ್ತಲ್ಲ, ಅದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಎಚ್-1ಬಿ ವೀಸಾ ಪದವಿ ಇಲ್ಲದವರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ.

ಬಹಾಮಾಸ್ ಕಡೆ ಇದರ ಉಲ್ಟಾ. ಮಯಾಮಿಯಿಂದ ಬಿಮಿನಿ ದ್ವೀಪ 80 ಕಿಲೋಮೀಟರ್. ನಸ್ಸಾಗೆ ವಿಮಾನದಲ್ಲಿ ಒಂದು ಗಂಟೆಯೂ ಬೇಡ. ಕೆರಿಬಿಯನ್ ದೇಶಗಳಲ್ಲಿ ಬಹಾಮಾಸ್ ಚೆನ್ನಾಗಿರುವ ದೇಶ, ಆದಾಯ ತೆರಿಗೆ ಇಲ್ಲ. ಓದಿದವರು ವಾಪಸ್ ಹೋಗಿ ವಕೀಲರಾಗಿ, ನರ್ಸುಗಳಾಗಿ, ಬ್ಯಾಂಕಿನಲ್ಲಿ ಚೆನ್ನಾಗಿಯೇ ಬದುಕಬಹುದು. ಹೋದವರು ಅಮೆರಿಕದ ಸರ್ವೆಯಲ್ಲಿ ಸಿಗುವುದಿಲ್ಲ. ನಟ ಸಿಡ್ನಿ ಪಾಯ್ಟಿಯರ್ 1927ರಲ್ಲಿ ಮಯಾಮಿಯಲ್ಲಿ ಹುಟ್ಟಿದ್ದೇ ಹೀಗೆ. ಅಪ್ಪ ಅಮ್ಮ ಬಹಾಮಾಸ್‌ನ ಕ್ಯಾಟ್ ಐಲ್ಯಾಂಡಿನ ಟೊಮೆಟೊ ಬೆಳೆಗಾರರು, ಮಾರಲು ಬಂದಿದ್ದಾಗ ಮಗು ಹುಟ್ಟಿತು, ಎತ್ತಿಕೊಂಡು ಊರಿಗೆ ಹೋದರು. ಅವರನ್ನು ಯಾವ ಕಾಲಂನಲ್ಲಿ ಹಾಕುವುದು?

ಸಾಮಾಜಿಕ ಸ್ಥಿತಿ ಅಂತ ನಾವು ಹಾಕಿದ್ದ ಭಾಗ ಇನ್ನೂ ತೆಳ್ಳಗಿತ್ತು. ಅದನ್ನು ಬರೆಯುವಾಗ ನಮ್ಮ ಕಂಪನಿಯ ಅಮೆರಿಕ ಕಚೇರಿಯ ಒಬ್ಬ ಇರಾನಿ ಸಹೋದ್ಯೋಗಿಯ ಹತ್ತಿರ ಮಾತಾಡಿದೆ. ಸಂಬಳ ಚೆನ್ನಾಗಿದೆ, ಮನೆ ಇದೆ. ತಾಯಿ ಮಾತ್ರ ಮೊಮ್ಮಗಳನ್ನು ಫೋನಿನಲ್ಲೇ ನೋಡಿರುವುದು. 1979ರ ನವೆಂಬರಿನಲ್ಲಿ ಟೆಹರಾನಿನ ಅಮೆರಿಕನ್ ರಾಯಭಾರ ಕಚೇರಿಯಲ್ಲಿ ಜನರನ್ನು ಒತ್ತೆಯಾಗಿ ಹಿಡಿದರು, 444 ದಿನ ಬಿಡಲಿಲ್ಲ. ಆಮೇಲೆ ಅಲ್ಲಿ ಆ ಕಚೇರಿಯೇ ತೆರೆದಿಲ್ಲ. ವೀಸಾ ಸಂದರ್ಶನಕ್ಕೆ ಬೇರೆ ದೇಶಕ್ಕೆ ಹೋಗಬೇಕು. 2017ರ ಜನವರಿಯಲ್ಲಿ ಪ್ರಯಾಣ ನಿಷೇಧವೂ ಬಂತು. ಇರಾನಿನ ಮೇಲೆ ಅಮೆರಿಕ ಹಾಕಿದ ಆರ್ಥಿಕ ನಿರ್ಬಂಧಗಳಿಂದ ಮನೆಗೆ ದುಡ್ಡು ಕಳಿಸುವುದೂ ಕಷ್ಟ. ಮಯಾಮಿಯ ಆ ಅಧಿಕಾರಿ ಕ್ರಿಸ್‌ಮಸ್ ಮಾರನೇ ದಿನ ಜಂಕಾನೂ ಮೆರವಣಿಗೆ ನೋಡಲು ನಸ್ಸಾಗೆ ಹೋಗಿ ಬರುತ್ತಾರೆ. ನಮ್ಮ ಟೇಬಲ್ಲಿನಲ್ಲಿ ಇದಕ್ಕೆ ಕಾಲಂ ಇರಲಿಲ್ಲ, ಇದ್ದಿದ್ದರೆ ಯಾವ ಪಟ್ಟಿ ಉದ್ದ ಬರುತ್ತಿತ್ತು?

ಇನ್ನೊಂದು ಸಣ್ಣ ವಿಷಯ, ಆದರೆ ಲೆಕ್ಕಕ್ಕೆ ದೊಡ್ಡದು. ಅಮೆರಿಕದ ಸರ್ಕಾರಿ ಲೆಕ್ಕದಲ್ಲಿ ಇರಾನಿಗಳನ್ನು ಇಷ್ಟು ವರ್ಷ 'ಬಿಳಿಯರು' ಅಂತಲೇ ಎಣಿಸಿದ್ದು. ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾದವರಿಗೆ ಬೇರೆ ವರ್ಗ ಇರಲಿ ಅಂತ ನಿಯಮ ಬದಲಾದದ್ದು 2024ರಲ್ಲಿ. ಬಹಾಮಿಯನ್ನರಲ್ಲಿ ಬಹುಪಾಲು 'ಕಪ್ಪು' ವರ್ಗದಲ್ಲಿ. ಹಾಗಾಗಿ ಜನಾಂಗದ ಕಾಲಂ ಹಿಡಿದು ಹುಡುಕಿದರೆ ಒಬ್ಬರು ಬಿಳಿಯರ ರಾಶಿಯಲ್ಲಿ ಕಾಣೆ, ಇನ್ನೊಬ್ಬರು ಕಪ್ಪು ಜನರ ರಾಶಿಯಲ್ಲಿ ಕಾಣೆ.

ಕೊನೆಗೆ ಆರನೇ ಸ್ಲೈಡನ್ನು ಮೂರು ಮಾಡಿದೆವು. ಎರಡೂ ಸಮುದಾಯಕ್ಕೆ ಒಂದೇ ಪ್ರಶ್ನೆಯ ಅಂಕಿ, ಐದು ವರ್ಷದ ಟೇಬಲ್ಲು, ಪಕ್ಕದಲ್ಲಿ ಹೆಚ್ಚುಕಮ್ಮಿಯ ಕಾಲಂ. ಆದಾಯವನ್ನು ಆಯಾ ಊರಿನಲ್ಲೇ ಇರುವ ಬೇರೆಯವರ ಜೊತೆ ಇಟ್ಟು ತೋರಿಸಿದೆವು. ಮೊದಲ ಸ್ಲೈಡಿನಲ್ಲಿ ಯಾರು ಯಾವಾಗ ಯಾವ ದಾರಿಯಲ್ಲಿ ಬಂದರು ಅಂತ ಎಂಟು ಸಾಲು. 'ಮುಂದೆ', 'ಹಿಂದೆ' ಅನ್ನುವ ಎರಡು ಪದ ತೆಗೆದೆವು. ಅಂತರ ಇದೆ, ಅದನ್ನು ಮುಚ್ಚಿಡಲಿಲ್ಲ. ಗಿಡ್ಡ ಪಟ್ಟಿ ನೋಡಿ ಅಲ್ಲಿ ತರಗತಿ ಬೇಕಾ ಅಂತ ಕೇಳಿದ್ದವರೇ ಈ ಸಲ ಕೋಕನಟ್ ಗ್ರೋವ್‌ನಲ್ಲಿ ಮನೆ ಉಳಿಸಿಕೊಳ್ಳಲು ಯಾವ ಸಹಾಯ ಬೇಕು ಅಂತ ಕೇಳಿದರು.

ಮಯಾಮಿಯವರು ಮೇಲ್ ಬರೆದು ಒಂದು ಕಾಲಂ ಕೇಳಿದರು: ಕಾಂಟ್ರಾಕ್ಟ್ ಮೇಲೆ ಬಂದವರ ಮೊಮ್ಮಕ್ಕಳು ಈಗ ಹೇಗಿದ್ದಾರೆ ಅಂತ ತೆಗೆಯಲು ಆಗುತ್ತದಾ? ನಾವು ಎರಡು ದಿನ ಹುಡುಕಿದೆವು. ಅಪ್ಪ ಅಮ್ಮ ಎಲ್ಲಿ ಹುಟ್ಟಿದವರು ಅನ್ನುವ ಪ್ರಶ್ನೆ ಅಮೆರಿಕದ ಸೆನ್ಸಸ್‌ನಲ್ಲಿ ಇದ್ದದ್ದು 1970ರ ತನಕ. 1980ರಲ್ಲಿ ಅದನ್ನು ಬಿಟ್ಟು ಮೂಲ ಯಾವುದು ಅನ್ನುವ ಪ್ರಶ್ನೆ ಹಾಕಿದರು. ಅಜ್ಜನ ಪ್ರಶ್ನೆ ಈ ಸರ್ವೆಯಲ್ಲೂ ಇಲ್ಲ. ಆಗುವುದಿಲ್ಲ ಅಂತ ಬರೆದೆ, ಯಾಕೆ ಆಗುವುದಿಲ್ಲ ಅಂತಲೂ ಬರೆದೆ. ಹಾಗಾದರೆ ನಮ್ಮ ಚರ್ಚುಗಳಲ್ಲಿ ಮನೆಮನೆಯವರನ್ನು ನಾನೇ ಕೇಳಿಸುತ್ತೇನೆ, ಪ್ರಶ್ನೆಗಳನ್ನು ನೀವು ಮಾಡಿಕೊಡಿ ಅಂದರು. ಆ ಪ್ರಶ್ನೆಗಳನ್ನು ಈಗ ರಾಯಚೂರಿನ ಹುಡುಗ ಬರೆಯುತ್ತಿದ್ದಾನೆ.